ಕಾರ್ಖಾನೆಯ ಬಾಗಿಲು ದಾಟಿದ ಮಾಲಿನ ಲೆಕ್ಕ

ಪ್ರಶ್ನೆ: ನಾನು ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಅಮೆರಿಕದ ಸಂವಹನ ಉಪಕರಣ ತಯಾರಿಕೆಯ ಅಂಕಿಅಂಶ ತೆಗೆದೆ. ಒಂದು ಕಡೆ ಗ್ರಾಸ್ ಔಟ್‌ಪುಟ್, ಇನ್ನೊಂದು ಕಡೆ ಸೆಕ್ಟೋರಲ್ ಔಟ್‌ಪುಟ್, ಮತ್ತೊಂದು ಕಡೆ ವ್ಯಾಲ್ಯೂ ಆಡೆಡ್. ಅದರಲ್ಲೂ ಡಾಲರ್ ಲೆಕ್ಕ ಬೇರೆ, 'ರಿಯಲ್' ಲೆಕ್ಕ ಬೇರೆ. ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ಕೆಲಸಗಾರರ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಆದರೆ ಫೋನು, ರೂಟರು, ಟವರು ಎಲ್ಲವೂ ಜಾಸ್ತಿಯೇ ಆಗಿವೆ. ಈ ಉದ್ಯಮ ಅಲ್ಲಿ ಬೆಳೆದಿದೆಯೋ, ಸೊರಗಿದೆಯೋ? ಯಾವ ಅಂಕಿಯನ್ನು ನಂಬಲಿ?

ಉತ್ತರ: ಮೊದಲು ಸಮಾಧಾನದ ಮಾತು. ನೀವು ತೆಗೆದ ಅಂಕಿಗಳಲ್ಲಿ ಯಾವುದೂ ತಪ್ಪಲ್ಲ. ಒಂದೊಂದೂ ಒಂದೊಂದು ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ಪ್ರಶ್ನೆ ಯಾವುದು ಅಂತ ತಿಳಿಯದೆ ಉತ್ತರಗಳನ್ನು ಮಾತ್ರ ಪಕ್ಕಪಕ್ಕ ಇಟ್ಟರೆ ಜಗಳ ಆಡುತ್ತಿರುವ ಹಾಗೆ ಕಾಣುತ್ತವೆ.

ನಾನು ಮೊದಲು ಕೆಲವು ವರ್ಷ ರೇಡಿಯೊ ಉಪಕರಣ ಮಾಡುವ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಆಮೇಲೆ ಕೈಗಾರಿಕೆಯ ಅಂಕಿಅಂಶದ ಕೆಲಸಕ್ಕೆ ಬಂದೆ. ಹಾಗಾಗಿ ಈ ಉದ್ಯಮವನ್ನು ಕಾರ್ಖಾನೆಯ ಒಳಗಿಂದಲೂ ಕೋಷ್ಟಕದ ಹೊರಗಿಂದಲೂ ನೋಡಿದ್ದೇನೆ. ನನ್ನ ಮುಖ್ಯ ಮಾತು ಇಷ್ಟೆ: ಔಟ್‌ಪುಟ್ ಅನ್ನುವುದು ಒಂದು ದೇಶದ ಗಡಿಯೊಳಗಿನ ಕಾರ್ಖಾನೆಗಳು ಮಾಡಿದ ಮಾಲಿನ ಲೆಕ್ಕ. ಆ ದೇಶದ ಕಂಪನಿಗಳ ಶಕ್ತಿಯ ಲೆಕ್ಕ ಅದಲ್ಲ. ಜನ ಬಳಸುವ ಉಪಕರಣಗಳ ಲೆಕ್ಕವೂ ಅಲ್ಲ. ಈ ಮೂರೂ ಒಂದು ಕಾಲದಲ್ಲಿ ಜೊತೆಜೊತೆಗೇ ಹೋಗುತ್ತಿದ್ದವು. ಈಗ ಬೇರೆ ಬೇರೆ ದಾರಿ ಹಿಡಿದಿವೆ.

ಈ ಡಬ್ಬಿಯೊಳಗೆ ಏನೇನಿದೆ ಅಂತ ಮೊದಲು ನೋಡೋಣ. ಅಮೆರಿಕದ ಕೈಗಾರಿಕಾ ವರ್ಗೀಕರಣದಲ್ಲಿ ಈ ಉದ್ಯಮದ ಸಂಖ್ಯೆ 3342. ಅದರೊಳಗೆ ಮೂರು ಭಾಗ. ಟೆಲಿಫೋನ್ ಉಪಕರಣ ಒಂದು. ರೂಟರ್, ಮೋಡೆಮ್ ಇಲ್ಲಿಗೇ ಸೇರುತ್ತವೆ. ರೇಡಿಯೊ, ಟಿ.ವಿ. ಪ್ರಸಾರ ಮತ್ತು ವೈರ್‌ಲೆಸ್ ಉಪಕರಣ ಇನ್ನೊಂದು. ಮೊಬೈಲ್ ಫೋನ್, ಬೇಸ್ ಸ್ಟೇಷನ್ (ಟವರಿನಿಂದ ಫೋನುಗಳ ಜೊತೆ ಸಂಕೇತ ಕೊಡುಕೊಳ್ಳುವ ಯಂತ್ರ), ಆಂಟೆನಾ ಇಲ್ಲಿ. ಮೂರನೆಯದು 'ಇತರೆ'. ಬೆಂಕಿ ಅಲಾರಂ, ಕಳ್ಳರ ಅಲಾರಂ, ಇಂಟರ್‌ಕಾಮ್, ರಸ್ತೆಯ ಟ್ರಾಫಿಕ್ ಸಿಗ್ನಲ್ ಎಲ್ಲ ಈ 'ಇತರೆ'ಯಲ್ಲಿವೆ! ಇಂಟರ್ನೆಟ್ಟಿಗೂ ಟ್ರಾಫಿಕ್ ಸಿಗ್ನಲ್ಲಿಗೂ ಏನು ಸಂಬಂಧ ಅನಿಸಬಹುದು. ಎರಡೂ ಸಂಕೇತ ಕಳಿಸುವ ಯಂತ್ರಗಳು, ಅಷ್ಟೇ ಸಂಬಂಧ.

ಒಳಗೆ ಇಲ್ಲದ್ದು ಇನ್ನೂ ಮುಖ್ಯ. ಫೈಬರ್ ಕೇಬಲ್ ಇದರಲ್ಲಿ ಇಲ್ಲ, ಅದು ವಿದ್ಯುತ್ ಉಪಕರಣಗಳ ಕಡೆಗೆ ಹೋಗುತ್ತದೆ. ಚಿಪ್‌ಗಳೂ ಸರ್ಕ್ಯೂಟ್ ಬೋರ್ಡ್‌ಗಳೂ 3344ರಲ್ಲಿವೆ. ಟಿ.ವಿ. ಸೆಟ್ಟು 3343ರಲ್ಲಿ. ಫೋನ್ ಕಂಪನಿಗಳ ಸೇವೆಯಂತೂ ತಯಾರಿಕೆಯೇ ಅಲ್ಲ. 'ಟೆಲಿಕಾಂ' ಅಂತ ಪತ್ರಿಕೆಯಲ್ಲಿ ಬರುವ ದೊಡ್ಡ ದೊಡ್ಡ ಅಂಕಿಗಳನ್ನು 3342ರ ಪಕ್ಕ ಇಟ್ಟರೆ ಹೊಂದದೇ ಇರುವುದಕ್ಕೆ ಇದೇ ಮೊದಲ ಕಾರಣ.

ಈಗ ನಿಮ್ಮ ಮೂರು ಔಟ್‌ಪುಟ್‌ಗಳ ವಿಷಯ. ಇದನ್ನು ಒಂದು ಬೇಸ್ ಸ್ಟೇಷನ್ ಇಟ್ಟುಕೊಂಡು ಹೇಳುತ್ತೇನೆ. ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಹಾಕಿದ್ದೇನೆ. ಒಂದು ಆಂಟೆನಾ ಕಂಪನಿ ಇದೆ ಅಂದುಕೊಳ್ಳಿ. ಅದು ಲೋಹ, ಪ್ಲಾಸ್ಟಿಕ್ ಅಂತ 15 ಡಾಲರಿನ ಸಾಮಾನು ಕೊಂಡು ಆಂಟೆನಾ ಮಾಡಿ 40ಕ್ಕೆ ಮಾರುತ್ತದೆ. ಕೊಳ್ಳುವುದು ಬೇಸ್ ಸ್ಟೇಷನ್ ಕಂಪನಿ. ಅದು ಬೇರೆ ಉದ್ಯಮಗಳಿಂದ ಚಿಪ್, ಬೋರ್ಡ್, ಪವರ್ ಸಪ್ಲೈ ಅಂತ 45 ಡಾಲರಿನ ಮಾಲು ತರಿಸುತ್ತದೆ. ಎಲ್ಲ ಸೇರಿಸಿ ಕಟ್ಟಿ, ಪರೀಕ್ಷೆ ಮಾಡಿ 120ಕ್ಕೆ ಮಾರುತ್ತದೆ.

ಇಬ್ಬರ ಮಾರಾಟವನ್ನೂ ಸುಮ್ನೆ ಕೂಡಿಸಿ: 40 ಮತ್ತು 120, ಒಟ್ಟು 160. ಇದು ಗ್ರಾಸ್ ಔಟ್‌ಪುಟ್. ಆದರೆ ಆಂಟೆನಾದ 40 ಇಲ್ಲಿ ಎರಡು ಸಲ ಬಂತು, ಅಲ್ವಾ? ಒಮ್ಮೆ ಆಂಟೆನಾ ಆಗಿ, ಇನ್ನೊಮ್ಮೆ ಬೇಸ್ ಸ್ಟೇಷನ್ನಿನ ಬೆಲೆಯೊಳಗೆ ಕೂತು. ಒಂದೇ ಉದ್ಯಮದವರು ತಮ್ಮತಮ್ಮೊಳಗೆ ಮಾರಿಕೊಂಡದ್ದನ್ನು ತೆಗೆದರೆ ಉಳಿಯುವುದು 120. ಇದು ಸೆಕ್ಟೋರಲ್ ಔಟ್‌ಪುಟ್. ಉತ್ಪಾದಕತೆ ಅಳೆಯಲು ಅಮೆರಿಕದ ಬ್ಯೂರೊ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್ ಬಳಸುವುದು ಇದನ್ನೇ. ಇನ್ನು ಹೊರಗಿನಿಂದ ಕೊಂಡದ್ದನ್ನೂ ತೆಗೆಯಿರಿ. ಆಂಟೆನಾ ಕಂಪನಿ ಸ್ವಂತವಾಗಿ ಸೇರಿಸಿದ್ದು 25, ಬೇಸ್ ಸ್ಟೇಷನ್ ಕಂಪನಿ ಸೇರಿಸಿದ್ದು 35. ಒಟ್ಟು 60. ಇದು ವ್ಯಾಲ್ಯೂ ಆಡೆಡ್. ಜಿಡಿಪಿಗೆ ಸೇರುವುದು ಈ 60 ಮಾತ್ರ. ಕೂಲಿ, ಸಂಬಳ, ಲಾಭ ಎಲ್ಲ ಬರುವುದು ಇದರೊಳಗಿಂದ.

160, 120, 60. ಒಂದೇ ಬೇಸ್ ಸ್ಟೇಷನ್, ಮೂರೂ ನಿಜ.

ಇದು ಬರೀ ಲೆಕ್ಕದ ಪಾಠ ಅಂದುಕೊಂಡು ಮುಂದೆ ಹೋಗಬೇಡಿ. ನಾಳೆ ಬೇಸ್ ಸ್ಟೇಷನ್ ಕಂಪನಿ ಅದೇ 40 ಡಾಲರಿಗೆ ಹೊರದೇಶದಿಂದ ಆಂಟೆನಾ ತರಿಸಿಕೊಳ್ಳಲು ಶುರು ಮಾಡಿತು ಅನ್ನಿ. ಇಲ್ಲಿನ ಆಂಟೆನಾ ಕಾರ್ಖಾನೆ ಮುಚ್ಚಿತು. ಗ್ರಾಸ್ ಔಟ್‌ಪುಟ್ 160ರಿಂದ 120ಕ್ಕೆ ಬಿತ್ತು. ವ್ಯಾಲ್ಯೂ ಆಡೆಡ್ 60ರಿಂದ 35ಕ್ಕೆ ಬಿತ್ತು. ಸೆಕ್ಟೋರಲ್ ಔಟ್‌ಪುಟ್? ಅದು 120 ಇತ್ತು, 120 ಆಗಿಯೇ ಇದೆ. ಒಂದು ಇಡೀ ಕಾರ್ಖಾನೆ ಹೋದರೂ ಆ ಗೆರೆ ಅಲುಗಲಿಲ್ಲ. ನಿಮ್ಮ ಮೂರು ಗೆರೆಗಳು ಬೇರೆ ಬೇರೆ ಕಡೆ ಹೊರಟ ವರ್ಷಗಳನ್ನು ಗುರುತು ಹಾಕಿಕೊಳ್ಳಿ. ಸಾಮಾನು ಸರಬರಾಜಿನ ದಾರಿ ಬದಲಾಗಿರಬಹುದಾದ ವರ್ಷಗಳು ಅವು. ಪ್ರಾಜೆಕ್ಟಿನ ನಿಜವಾದ ವಿಷಯ ನಿಮಗೆ ಅಲ್ಲಿ ಸಿಗುತ್ತದೆ.

'ರಿಯಲ್' ಲೆಕ್ಕ ಇದಕ್ಕಿಂತ ಕಷ್ಟ. ಡಾಲರ್ ಮೊತ್ತದಿಂದ ಬೆಲೆಯ ಏರಿಳಿತ ತೆಗೆದು ಎಷ್ಟು ಮಾಲು ಆಯಿತು ಅಂತ ನೋಡುವುದು ಅದರ ಉದ್ದೇಶ. ಸಿಮೆಂಟಿಗೆ ಇದು ಸುಲಭ. ಹೋದ ವರ್ಷದ ಚೀಲವೂ ಈ ವರ್ಷದ ಚೀಲವೂ ಒಂದೇ. ಸಂವಹನ ಉಪಕರಣದಲ್ಲಿ ಹಾಗಿಲ್ಲ. ಈಥರ್ನೆಟ್ ಪೋರ್ಟ್, ಅಂದರೆ ಕಂಪ್ಯೂಟರ್ ಜಾಲದ ಕೇಬಲ್ ಸಿಕ್ಕಿಸುವ ಜಾಗ, ತೆಗೆದುಕೊಳ್ಳಿ. 100 ಮೆಗಾಬಿಟ್‌ನ ಮಾನದಂಡ ಬಂದಿದ್ದು 1995ರಲ್ಲಿ. ಗಿಗಾಬಿಟ್ 1998ರಲ್ಲಿ. 10 ಗಿಗಾಬಿಟ್ 2002ರಲ್ಲಿ. 100 ಗಿಗಾಬಿಟ್ 2010ರಲ್ಲಿ. 15 ವರ್ಷದಲ್ಲಿ ವೇಗ 1000 ಪಟ್ಟು. ಒಂದು ಕಾರ್ಖಾನೆ ಈ 15 ವರ್ಷವೂ ಅಷ್ಟೇ ಪೋರ್ಟ್‌ಗಳನ್ನು ಅದೇ ಬೆಲೆಗೆ ಮಾರಿತು ಅನ್ನಿ. ಡಾಲರ್ ಲೆಕ್ಕದಲ್ಲಿ ಅದು ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಹಾಗಂತ ಏನೂ ಬೆಳೆದಿಲ್ಲ ಅನ್ನೋಕಾಗುತ್ತಾ? ಅನ್ನಬಾರದು. ಹಾಗಾದರೆ ಎಷ್ಟು ಪಟ್ಟು ಬೆಳೆಯಿತು ಅನ್ನಬೇಕು? 1000 ಪಟ್ಟು ಅಂದರೂ ತಪ್ಪೇ. ವೇಗ ಸಾವಿರ ಪಟ್ಟಾದರೆ ಕೊಳ್ಳುವವರಿಗೆ ಉಪಯೋಗವೂ ಸಾವಿರ ಪಟ್ಟಾಗುವುದಿಲ್ಲ.

ಇದಕ್ಕಾಗಿಯೇ ಗುಣಮಟ್ಟ ಹೊಂದಿಸಿದ ಬೆಲೆ ಸೂಚ್ಯಂಕ ಮಾಡುತ್ತಾರೆ. ಒಂದೇ ಮಾಡೆಲ್ ಎರಡು ಸಮಯದಲ್ಲಿ ಎಷ್ಟಕ್ಕೆ ಮಾರಾಟವಾಯಿತು ಅಂತ ನೋಡುವುದು ಒಂದು ದಾರಿ. ವೇಗ, ಪೋರ್ಟ್ ಸಂಖ್ಯೆ, ಮೆಮೊರಿ ಇಂಥ ಒಂದೊಂದು ಗುಣಕ್ಕೂ ಬೆಲೆ ಕಟ್ಟುವುದು ಇನ್ನೊಂದು ದಾರಿ. ಯಾವ ದಾರಿ ಹಿಡಿದಿರಿ ಅನ್ನುವುದರ ಮೇಲೆ ಉತ್ತರ ತುಂಬಾ ಬದಲಾಗುತ್ತದೆ. ಡೇವಿಡ್ ಬರ್ನ್ ಮತ್ತು ಕ್ಯಾರಲ್ ಕೊರಾಡೊ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಈ ಉದ್ಯಮದ ಹಲವು ದಶಕಗಳ ಬೆಲೆಗಳನ್ನು ಮತ್ತೆ ಲೆಕ್ಕ ಹಾಕಿದರು. ಸರ್ಕಾರಿ ಸೂಚ್ಯಂಕ ತೋರಿಸಿದ್ದಕ್ಕಿಂತ ಬೆಲೆ ಜಾಸ್ತಿ ವೇಗವಾಗಿ ಇಳಿದಿದೆ ಅಂತ ಕಂಡುಕೊಂಡರು. ಬೆಲೆ ಜಾಸ್ತಿ ಇಳಿದಿದೆ ಅಂದರೆ ನಿಜವಾದ ಉತ್ಪಾದನೆ ಅಷ್ಟು ಜಾಸ್ತಿ ಇತ್ತು ಅಂತ ಅರ್ಥ. ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ ತನ್ನ ಕೈಗಾರಿಕಾ ಉತ್ಪಾದನೆ ಸೂಚ್ಯಂಕಕ್ಕೆ ಈ ಉದ್ಯಮದಲ್ಲಿ ತನ್ನದೇ ಬೆಲೆ ಲೆಕ್ಕವನ್ನೂ ಬಳಸುತ್ತದೆ. ಅದರ ಗೆರೆ ಬೇರೆ ಇಲಾಖೆಗಳ ಗೆರೆಗೆ ಹೊಂದದಿದ್ದರೆ ಗಾಬರಿ ಬೇಡ. ಇನ್ನೊಂದು ಎಚ್ಚರಿಕೆ: ಚೈನ್ ಮಾಡಿದ, ಅಂದರೆ ವರ್ಷವರ್ಷಕ್ಕೂ ತೂಕ ಬದಲಿಸಿ ಸರಪಳಿಯಂತೆ ಜೋಡಿಸಿದ, ರಿಯಲ್ ಡಾಲರುಗಳನ್ನು ಒಂದಕ್ಕೊಂದು ಕೂಡಿಸಬೇಡಿ. ಭಾಗಗಳ ಮೊತ್ತ ಒಟ್ಟು ಅಂಕಿಗೆ ಸಮ ಬರುವುದಿಲ್ಲ.

ಈಗ ನಿಮ್ಮ ಚಾರ್ಟಿನಲ್ಲಿ 2000ದ ಆಸುಪಾಸು ಕಾಣುವ ಬೆಟ್ಟದ ಕಥೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

1996ರಲ್ಲಿ ಅಮೆರಿಕದಲ್ಲಿ ಹೊಸ ಟೆಲಿಕಾಂ ಕಾನೂನು ಬಂತು. ಹಳೆಯ ಕಂಪನಿಗಳ ಜೊತೆ ಪೈಪೋಟಿಗೆ ಹೊಸಬರಿಗೆ ಬಾಗಿಲು ತೆರೆಯಿತು. ಅದೇ ವರ್ಷ ಅಲ್ಲಿನ ದೊಡ್ಡ ಫೋನ್ ಕಂಪನಿ ಎಟಿ ಅಂಡ್ ಟಿ ತನ್ನ ಉಪಕರಣ ವಿಭಾಗವನ್ನು ಲೂಸೆಂಟ್ ಅನ್ನುವ ಹೆಸರಿನಲ್ಲಿ ಬೇರೆ ಮಾಡಿತು. ಇಂಟರ್ನೆಟ್ ಸಂಚಾರ 100 ದಿನಕ್ಕೊಮ್ಮೆ ಎರಡು ಪಟ್ಟಾಗುತ್ತಿದೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇತ್ತು. ಗಣಿತಜ್ಞ ಆಂಡ್ರ್ಯೂ ಓಡ್ಲಿಜ್ಕೊ ಅಂಕಿ ತೆಗೆದು ನೋಡಿದಾಗ ಅದು ಸುಮಾರು ವರ್ಷಕ್ಕೊಮ್ಮೆ ಎರಡು ಪಟ್ಟಾಗುತ್ತಿತ್ತು. ವರ್ಷಕ್ಕೆ ಎರಡು ಪಟ್ಟು ಅಂದರೂ ಸಣ್ಣ ಬೆಳವಣಿಗೆಯಲ್ಲ. ಆದರೆ 100 ದಿನದ ಲೆಕ್ಕ ನಂಬಿ ನೆಲದಡಿ ಫೈಬರ್ ಹಾಕಿದವರಿಗೂ, ಅದರ ತುದಿಗೆ ಯಂತ್ರ ಆರ್ಡರ್ ಮಾಡಿದವರಿಗೂ ಆ ವ್ಯತ್ಯಾಸ ಮುಳುಗಿಸುವಷ್ಟು ದೊಡ್ಡದು.

ಇನ್ನೊಂದು ವಿಷಯ ಔಟ್‌ಪುಟ್ ಅಂಕಿಯಲ್ಲಿ ಕಾಣುವುದೇ ಇಲ್ಲ. ಉಪಕರಣ ಮಾಡುವ ಕಂಪನಿಗಳೇ ಗ್ರಾಹಕರಿಗೆ ಸಾಲ ಕೊಟ್ಟು ತಮ್ಮ ಮಾಲು ಕೊಳ್ಳಿಸುತ್ತಿದ್ದವು. ಮಾಲು ಹೊರಟಿತು, ಬಿಲ್ ಆಯಿತು, ಔಟ್‌ಪುಟ್ ಏರಿತು. ಹಣ ಮಾತ್ರ ಬರಬೇಕಿತ್ತು. 2001ರಲ್ಲಿ ಎಲ್ಲ ಒಟ್ಟಿಗೆ ನಿಂತಿತು. ರೂಟರ್ ಮಾಡುವ ಸಿಸ್ಕೊ ಆ ವರ್ಷ 2 ಬಿಲಿಯನ್ ಡಾಲರಿಗೂ ಮೀರಿದ ದಾಸ್ತಾನನ್ನು ಲೆಕ್ಕದಿಂದ ತೆಗೆದುಹಾಕಿತು. ಇದನ್ನು ಅಂಕಿಅಂಶದ ಕಣ್ಣಿನಿಂದ ನೋಡಿ. ಮಾರಾಟವಾಗದೆ ಗೋದಾಮಿನಲ್ಲಿ ಕೂತ ಮಾಲೂ, ಅರ್ಧ ಮುಗಿದ ಮಾಲೂ ರಾಷ್ಟ್ರೀಯ ಲೆಕ್ಕದಲ್ಲಿ ಔಟ್‌ಪುಟ್ಟೇ. ಮಾಡಿದ ದಿನ ಅದು ಸೇರುತ್ತದೆ. ಕೊಳ್ಳುವವರು ಇಲ್ಲ ಅಂತ ಗೊತ್ತಾಗುವುದು ಆಮೇಲೆ. ಅದಕ್ಕೇ ನಾನು ಯಾವಾಗಲೂ ಔಟ್‌ಪುಟ್ ಪಕ್ಕದಲ್ಲಿ ದಾಸ್ತಾನಿನ ಅಂಕಿಯನ್ನೂ ಇಟ್ಟುಕೊಂಡೇ ಓದುತ್ತೇನೆ.

ಆಮೇಲೆ ಆಗಿದ್ದು ನೋವಿನ ಕಥೆ. 2002ರಲ್ಲಿ ಫೋನ್ ಸೇವೆಯ ಕಂಪನಿ ವರ್ಲ್ಡ್‌ಕಾಮ್ ದಿವಾಳಿಯಾಯಿತು. ಲೂಸೆಂಟ್ 2006ರಲ್ಲಿ ಫ್ರಾನ್ಸಿನ ಅಲ್ಕಾಟೆಲ್ ಜೊತೆ ಸೇರಿತು, ಆ ಜೋಡಿ ಕಂಪನಿ 2016ರಲ್ಲಿ ನೋಕಿಯಾ ಪಾಲಾಯಿತು. ಕೆನಡಾದ ಉಪಕರಣ ಕಂಪನಿ ನಾರ್ಟೆಲ್ 2009ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. 2000ದ ಸುಮಾರಿಗೆ ಅಮೆರಿಕದಲ್ಲಿ ಈ ಉದ್ಯಮದಲ್ಲಿದ್ದವರು 2 ಲಕ್ಷಕ್ಕೂ ಜಾಸ್ತಿ. ಎರಡು ದಶಕದ ನಂತರ 1 ಲಕ್ಷವೂ ಇಲ್ಲ. ನೀವು ನೋಡಿದ ಇಳಿತ ಇದೇ.

ಆದರೆ ಎಲ್ಲವೂ ಕುಸಿತದಿಂದಲೇ ಹೋಗಿದ್ದಲ್ಲ. ಒಂದಿಷ್ಟು ಕೆಲಸ ಗಡಿ ದಾಟಿ ಹೋಯಿತು. 1996ರ ಕೊನೆಯಲ್ಲಿ ಸಿಂಗಾಪುರದ ಸಭೆಯಲ್ಲಿ ಆದ ಮಾಹಿತಿ ತಂತ್ರಜ್ಞಾನ ಒಪ್ಪಂದದಿಂದ ಟೆಲಿಕಾಂ ಉಪಕರಣಗಳ ಮೇಲಿನ ಆಮದು ಸುಂಕ ಹಲವು ದೇಶಗಳಲ್ಲಿ ಹಂತಹಂತವಾಗಿ ಸೊನ್ನೆಗೆ ಬಂತು. ಡಿಸೈನ್ ಒಂದು ಕಡೆ, ಚಿಪ್ ಇನ್ನೊಂದು ಕಡೆ, ಜೋಡಣೆ ಮತ್ತೊಂದು ಕಡೆ ಅನ್ನುವುದು ಲಾಭದ ದಾರಿಯಾಯಿತು. ಫಾಕ್ಸ್‌ಕಾನ್, ಫ್ಲೆಕ್ಸ್, ಜೇಬಿಲ್ ಇಂಥ ಗುತ್ತಿಗೆ ತಯಾರಕರು ಬೆಳೆದಿದ್ದು ಈ ದಾರಿಯಲ್ಲೇ.

2009ರ ಐಫೋನ್ ಇದಕ್ಕೆ ಒಳ್ಳೆಯ ಉದಾಹರಣೆ. ಯುಚಿಂಗ್ ಶಿಂಗ್ ಮತ್ತು ನೀಲ್ ಡೆಟರ್ಟ್ ಎಂಬ ಸಂಶೋಧಕರು ಅದರ ಬಿಡಿಭಾಗಗಳ ಖರ್ಚನ್ನು ಲೆಕ್ಕ ಹಾಕಿದರು. ಒಂದು ಫೋನ್ ತಯಾರಿಸುವ ಒಟ್ಟು ಖರ್ಚು 178.96 ಡಾಲರ್. ಅದರಲ್ಲಿ ಚೀನಾದಲ್ಲಿ ಜೋಡಿಸಿದ ಕೂಲಿ 6.50 ಡಾಲರ್. ಉಳಿದ ದುಡ್ಡು ಜಪಾನ್, ಕೊರಿಯಾ, ಜರ್ಮನಿ, ಅಮೆರಿಕ ಹೀಗೆ ಬಿಡಿಭಾಗ ಮಾಡಿದವರಿಗೆ ಹೋಯಿತು. ಚೀನಾದ ರಫ್ತಿನ ಲೆಕ್ಕದಲ್ಲಿ ಮಾತ್ರ ಪೂರ್ತಿ ಫೋನಿನ ಬೆಲೆ ಕಾಣುತ್ತದೆ. ಇತ್ತ ಡಿಸೈನ್ ಮಾಡಿದ ಅಮೆರಿಕದ 3342ರಲ್ಲಿ ಆ ಫೋನ್ ಬರುವುದೇ ಇಲ್ಲ. ಜಗತ್ತಿನ ಅತಿ ಹೆಚ್ಚು ಲಾಭದ ಫೋನ್ ಮಾಡಿಸುವ ಕಂಪನಿ ಇರುವ ದೇಶದಲ್ಲಿ ಫೋನ್ ತಯಾರಿಕೆಯ ಅಂಕಿ ಅಷ್ಟು ತೆಳ್ಳಗಿರುವುದು ಹೀಗೆ. ಕಾರ್ಖಾನೆ ಇಲ್ಲದ ಇಂಥ ತಯಾರಕರನ್ನೂ ತಯಾರಿಕೆ ಅಂತಲೇ ಎಣಿಸಬೇಕು ಅನ್ನುವ ಚರ್ಚೆ ಅಮೆರಿಕದ ಅಂಕಿಅಂಶ ಇಲಾಖೆಗಳಲ್ಲಿ ಕೆಲವು ವರ್ಷ ನಡೆಯಿತು. ಕೊನೆಗೆ ಜಾರಿಯಾಗಲಿಲ್ಲ.

ತಿರುಗಿಸಿ ನೋಡಿದರೂ ಅದೇ ನಿಯಮ. ಸ್ವೀಡನ್ನಿನ ಎರಿಕ್ಸನ್ 2020ರಲ್ಲಿ ಟೆಕ್ಸಸ್‌ನ ಲೂಯಿಸ್‌ವಿಲ್‌ನಲ್ಲಿ 5ಜಿ ಉಪಕರಣದ ಕಾರ್ಖಾನೆ ಶುರು ಮಾಡಿತು. ಕಂಪನಿ ಹೊರದೇಶದ್ದು, ಔಟ್‌ಪುಟ್ ಮಾತ್ರ ಅಮೆರಿಕದ್ದು. ಗಡಿಯೇ ಲೆಕ್ಕದ ಗೆರೆ.

ಸಣ್ಣ ದೇಶದಲ್ಲಿ ಇದರ ಪೆಟ್ಟು ಇನ್ನೂ ನೇರ. 2000ದಲ್ಲಿ ಫಿನ್ಲೆಂಡ್‌ನ ಜಿಡಿಪಿಯಲ್ಲಿ ಸುಮಾರು ಶೇ. 4ರಷ್ಟು ನೋಕಿಯಾ ಒಂದೇ ಕಂಪನಿಯದಾಗಿತ್ತು. ಸಾಲೊ ಅನ್ನುವ ಪಟ್ಟಣ ಅದರ ಫೋನ್ ಕಾರ್ಖಾನೆಯನ್ನೇ ನಂಬಿಕೊಂಡಿತ್ತು. 2012ರಲ್ಲಿ ಅಲ್ಲಿ ತಯಾರಿಕೆ ನಿಂತಿತು. ದೊಡ್ಡ ಆರ್ಥಿಕತೆಯಲ್ಲಿ ಇಂಥದ್ದು ದಶಮಾಂಶ ಬಿಂದುವಿನ ಆಚೆ ಉಳಿಯುತ್ತದೆ. ಫಿನ್ಲೆಂಡ್‌ನಲ್ಲಿ ಅದು ಇಡೀ ದೇಶದ ಬೆಳವಣಿಗೆಯ ಗೆರೆಯನ್ನೇ ಬಗ್ಗಿಸಿತು.

ಇನ್ನೊಂದು ಬದಲಾವಣೆ ಕಾರ್ಖಾನೆಯ ಒಳಗೇ ಆಗಿದೆ. ಈಗಿನ ಎಷ್ಟೋ ಬೇಸ್ ಸ್ಟೇಷನ್‌ಗಳಲ್ಲಿ ಹೆಚ್ಚಿನ ಸಾಮರ್ಥ್ಯವನ್ನು ಮೊದಲೇ ತುಂಬಿ ಕಳಿಸುತ್ತಾರೆ. ಫೋನ್ ಕಂಪನಿ ಬೇಕೆಂದಾಗ ದುಡ್ಡು ಕೊಟ್ಟು ಲೈಸೆನ್ಸ್ ಕೀ ತರಿಸಿಕೊಂಡು ಆ ಸಾಮರ್ಥ್ಯ ತೆರೆಯುತ್ತದೆ. ಟವರ್ ಹತ್ತಬೇಕಿಲ್ಲ, ಹೊಸ ಡಬ್ಬಿ ಬರಬೇಕಿಲ್ಲ. ಆ ದುಡ್ಡು ತಯಾರಿಕೆಯ ಔಟ್‌ಪುಟ್ಟೋ, ಸಾಫ್ಟ್‌ವೇರಿನ ಔಟ್‌ಪುಟ್ಟೋ? ಡಬ್ಬಿಯ ಜೊತೆಗೇ ಬಿಲ್ ಆದರೆ ಸಾಮಾನ್ಯವಾಗಿ ತಯಾರಿಕೆಗೆ ಸೇರುತ್ತದೆ. ಬೇರೆಯಾಗಿ ಮಾರಿದರೆ ಸಾಫ್ಟ್‌ವೇರ್ ಕಡೆಗೆ ಹೋಗಬಹುದು. ಯಂತ್ರ ಅದೇ, ಕೆಲಸ ಅದೇ. ಬಿಲ್ ಬರೆಯುವ ರೀತಿ ಬದಲಾದರೆ ಉದ್ಯಮ 'ಕುಗ್ಗುತ್ತದೆ'.

ಇಷ್ಟೆಲ್ಲ ಹೇಳಿದ ಮೇಲೂ ಕಾರ್ಖಾನೆಯ ಅಂಕಿ ಇಳಿದರೆ ಏನೂ ಹೋಗಲಿಲ್ಲ, ಡಿಸೈನ್ ಉಳಿಯಿತಲ್ಲ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ನಾನು ಕಣ್ಣಾರೆ ಕಂಡಿದ್ದರಿಂದಲೇ ಹೇಳುತ್ತೇನೆ.

ಬೇಸ್ ಸ್ಟೇಷನ್ನಿನಲ್ಲಿ ಕ್ಯಾವಿಟಿ ಫಿಲ್ಟರ್ ಅಂತ ಒಂದು ಭಾಗ ಇರುತ್ತದೆ. ಲೋಹದ ಪೆಟ್ಟಿಗೆ, ಒಳಗೆ ಸಾಲಾಗಿ ಸಣ್ಣ ಸಣ್ಣ ಗೂಡು. ಒಂದೊಂದು ಗೂಡಿನ ಮೇಲೂ ಒಂದು ಸ್ಕ್ರೂ. ಬೇಕಾದ ತರಂಗಾಂತರವನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುವುದು ಅದರ ಕೆಲಸ. ಲೋಹ ಕೊರೆಯುವಾಗ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಫಿಲ್ಟರ್ ಬೇರೆ ಕಡೆ ಹೊರಳುತ್ತದೆ. ಹಾಗಾಗಿ ಕೊನೆಯಲ್ಲಿ ಒಬ್ಬರು ಕೂತು ಕೈಯಿಂದ ಹೊಂದಿಸಬೇಕು. ನಮ್ಮ ವಿಭಾಗದಲ್ಲಿ ಆ ಕೆಲಸದಲ್ಲಿ ಒಬ್ಬ ಹಿರಿಯ ಹೆಂಗಸಿದ್ದರು. ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಸ್ಪ್ಯಾನರ್, ಕಣ್ಣು ನೆಟ್‌ವರ್ಕ್ ಅನಲೈಸರಿನ (ಯಾವ ತರಂಗ ಎಷ್ಟು ದಾಟುತ್ತಿದೆ ಅಂತ ತೋರಿಸುವ ಯಂತ್ರ) ಪರದೆ ಮೇಲೆ. ಒಂದು ಸ್ಕ್ರೂ ಎಳ್ಳಷ್ಟು ತಿರುಗಿಸಿದರೆ ಪರದೆಯ ಗೆರೆಯಲ್ಲಿ ಎರಡು ಕಡೆ ಅಲೆ ಎದ್ದೇಳುತ್ತಿತ್ತು. ಅವರು ಮೂರನೇ ಸ್ಕ್ರೂ ಮುಟ್ಟಿ ಅದನ್ನು ಕೂರಿಸುತ್ತಿದ್ದರು. ಹೊಸಬರು ಅರ್ಧ ದಿನ ಒದ್ದಾಡುವ ಫಿಲ್ಟರನ್ನು ಅವರು ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತಿದ್ದರು. ಕೊನೆಗೆ ನಟ್ ಬಿಗಿ ಮಾಡುವಾಗ ಗೆರೆ ಮತ್ತೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಅಂತ ಮೊದಲೇ ಅಂದಾಜು ಮಾಡಿ ಅಷ್ಟು ಆಚೆ ನಿಲ್ಲಿಸಿರುತ್ತಿದ್ದರು. ಡಿಸೈನ್ ಮಾಡುವ ಎಂಜಿನಿಯರುಗಳು ಅವರ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಈ ಗೂಡು ಎರಡು ಮಿಲಿಮೀಟರ್ ಪಕ್ಕಕ್ಕಿದ್ದರೆ ಹೊಂದಿಸುವುದು ಸುಲಭ ಅಂತ ಅವರು ಹೇಳಿದ್ದು ಮುಂದಿನ ಡ್ರಾಯಿಂಗಿನಲ್ಲಿ ಬರುತ್ತಿತ್ತು.

ಆ ಲೈನ್ ಬೇರೆ ದೇಶಕ್ಕೆ ಹೋದಾಗ ಕಂಪನಿಯ ಲೆಕ್ಕದಲ್ಲಿ ಖರ್ಚು ಕಡಿಮೆಯಾಯಿತು. ಕೋಷ್ಟಕದಲ್ಲಿ ಕೆಲವು ಕೆಲಸ ಇಳಿದವು. ಆದರೆ ಎಂಜಿನಿಯರುಗಳು ಎದ್ದು ಹೋಗಿ ಕೇಳುತ್ತಿದ್ದ ಆ ಮೇಜು ಹೋಯಿತು. ಮುಂದಿನ ಮಾಡೆಲಿನಲ್ಲಿ ಸಣ್ಣ ತಪ್ಪು ತಿಳಿಯುವುದಕ್ಕೂ ವಾರಗಟ್ಟಲೆ ಕಾಯಬೇಕಾಯಿತು. ಇದು ಯಾವ ಔಟ್‌ಪುಟ್ ಅಂಕಿಯಲ್ಲೂ ಇಲ್ಲ.

ಹಳೆಯ ಕಾಲದ ಜೊತೆ ಹೋಲಿಸುವಾಗಲೂ ಇದು ನೆನಪಿರಲಿ. ಶಿಕಾಗೊ ಪಕ್ಕದ ಸಿಸೆರೊದಲ್ಲಿ ಎಟಿ ಅಂಡ್ ಟಿಗೆ ಉಪಕರಣ ಮಾಡುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್‌ನ ಹಾಥಾರ್ನ್ ಕಾರ್ಖಾನೆ ಇತ್ತು. ಏರುಗಾಲದಲ್ಲಿ ಅಲ್ಲಿ 40 ಸಾವಿರಕ್ಕೂ ಜಾಸ್ತಿ ಜನ. ಕೇಬಲ್, ಸ್ವಿಚ್, ಟೆಲಿಫೋನ್ ಎಲ್ಲ ಒಂದೇ ಆವರಣದಲ್ಲಿ ಆಗುತ್ತಿತ್ತು. ಇಂದಿನ ಕಾರ್ಖಾನೆ ಹೆಚ್ಚಿನ ಭಾಗವನ್ನು ಕೊಂಡು ತಂದು ಕಟ್ಟುತ್ತದೆ. ಹಾಗಾಗಿ 100 ಡಾಲರಿನ ಔಟ್‌ಪುಟ್ಟಿನೊಳಗೆ ಅಂದು ಇದ್ದ ಸ್ವಂತ ದುಡಿಮೆಗೂ ಇಂದು ಇರುವುದಕ್ಕೂ ಹೋಲಿಕೆಯಿಲ್ಲ. ಗ್ರಾಸ್ ಔಟ್‌ಪುಟ್ ಹಿಡಿದು ಆ ಕಾಲವನ್ನೂ ಈ ಕಾಲವನ್ನೂ ಅಳೆಯಬೇಡಿ.

ಹಾಗಾದರೆ ನಿಮ್ಮ ಪ್ರಾಜೆಕ್ಟಿಗೆ ಯಾವುದು? ದೇಶದ ಆದಾಯಕ್ಕೆ ಈ ಉದ್ಯಮ ಎಷ್ಟು ಕೊಡುತ್ತದೆ ಅನ್ನುವುದು ಪ್ರಶ್ನೆಯಾದರೆ ವ್ಯಾಲ್ಯೂ ಆಡೆಡ್, ಅದೂ ಡಾಲರ್ ಲೆಕ್ಕದ್ದು. ಒಬ್ಬ ಕೆಲಸಗಾರ ಗಂಟೆಗೆ ಎಷ್ಟು ಮಾಡುತ್ತಾರೆ ಅನ್ನುವುದಕ್ಕೆ ರಿಯಲ್ ಸೆಕ್ಟೋರಲ್ ಔಟ್‌ಪುಟ್; ಜೊತೆಗೆ ಯಾವ ಬೆಲೆ ಸೂಚ್ಯಂಕ ಬಳಸಿದ್ದಾರೆ ಅಂತ ಬರೆಯಲೇಬೇಕು. ಇನ್ನಿತರ ಉದ್ಯಮಗಳ ಜೊತೆಗಿನ ಕೊಡುಕೊಳ್ಳುವಿಕೆ ನೋಡಬೇಕಾದರೆ ಗ್ರಾಸ್ ಔಟ್‌ಪುಟ್. ಬೆಳೆದಿದೆಯೋ ಸೊರಗಿದೆಯೋ ಅನ್ನುವ ನಿಮ್ಮ ಮೂಲ ಪ್ರಶ್ನೆಗೆ ಇವು ಯಾವುದೂ ಒಂಟಿಯಾಗಿ ಸಾಲುವುದಿಲ್ಲ. ಆಮದಿನ ಅಂಕಿ ಪಕ್ಕಕ್ಕೆ ತನ್ನಿ. ದೇಶದೊಳಗೆ ಬಳಕೆಯಾದ ಉಪಕರಣದಲ್ಲಿ ಎಷ್ಟು ಪಾಲು ಅಲ್ಲೇ ಆಗಿದ್ದು ಅಂತ ವರ್ಷವರ್ಷಕ್ಕೂ ಲೆಕ್ಕ ಹಾಕಿ. ಅಮೆರಿಕದಲ್ಲಿ ತಯಾರಿಕೆ ಸೊರಗಿದೆ, ಡಿಸೈನ್ ಮತ್ತು ಸಾಫ್ಟ್‌ವೇರ್ ಬೆಳೆದಿವೆ ಅನ್ನುವುದು ನನ್ನ ತೀರ್ಮಾನ. ಈ ಎರಡನ್ನೂ ಬೇರೆ ಬೇರೆ ಅಧ್ಯಾಯ ಮಾಡಿ.

ಒಂದು ಚಿಕ್ಕ ಕೆಲಸದ ಮಾತು. ಅಮೆರಿಕದಲ್ಲಿ 2 ಮತ್ತು 7ರಲ್ಲಿ ಕೊನೆಯಾಗುವ ವರ್ಷಗಳಲ್ಲಿ, ಅಂದರೆ 2017, 2022 ಹೀಗೆ, ಎಕನಾಮಿಕ್ ಸೆನ್ಸಸ್ (ಉದ್ಯಮಗಳ ಗಣತಿ) ನಡೆಯುತ್ತದೆ. ಅದರ ಫಲಿತಾಂಶ ಬಂದ ಮೇಲೆ ಹಿಂದಿನ ಅಂದಾಜುಗಳೂ ತಿದ್ದುಪಡಿಯಾಗುತ್ತವೆ. ನೀವು ಅಂಕಿ ಇಳಿಸಿಕೊಂಡ ತಾರೀಕನ್ನು ಪ್ರತಿ ಕೋಷ್ಟಕದ ಕೆಳಗೆ ಬರೆದಿಡಿ. ಗೈಡ್ ಅದೇ ಸಾಲನ್ನು ಆರು ತಿಂಗಳ ನಂತರ ತೆರೆದು ನೋಡಿದಾಗ ಬೇರೆ ಅಂಕಿ ಕಂಡರೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.